ಔಟಾಗಿ ಹೊರಗೆ ಕೂತ ಕ್ಯಾಪ್ಟನ್

ಕಾಲೇಜಿನ ನೆನಪು ಅಂದರೆ ನನಗೆ ಕ್ಲಾಸಿಗಿಂತ ಜಾಸ್ತಿ ಕಬಡ್ಡಿಯೇ. ಅದರಲ್ಲೂ ನಮ್ಮ ಕ್ಯಾಪ್ಟನ್. ಹೆಸರು ಬರೆಯುವುದಿಲ್ಲ, ಬರೆದರೆ ಫೋನ್ ಮಾಡಿ ಬೈಯುತ್ತಾನೆ.

ಮಳೆಗಾಲದಲ್ಲಿ ಶಿರಸಿಯ ಮೈದಾನ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ. ಬರೀ ಕೆಂಪು ರಾಡಿ. ಅದು ಒಣಗಿ ನಾವು ಪ್ರಾಕ್ಟೀಸ್ ಶುರು ಮಾಡುವ ಹೊತ್ತಿಗೆ ಘಟ್ಟದ ಕೆಳಗಿನ ಹುಡುಗರು ಉಸುಕಿನಲ್ಲಿ ಓಡಿ ಓಡಿ ಕಾಲು ಗಟ್ಟಿ ಮಾಡಿಕೊಂಡಿರುತ್ತಿದ್ದರು. ಸೋಲು ನಮಗೆ ಹೊಸದಲ್ಲ.

ಕಬಡ್ಡಿಯ ಒಂದು ನಿಯಮ ನನಗೆ ಬಹಳ ಇಷ್ಟ. ಔಟಾದವನ ಆಟ ಅಲ್ಲಿಗೇ ಮುಗಿಯುವುದಿಲ್ಲ, ಎದುರಿನವರಲ್ಲಿ ಒಬ್ಬ ಔಟಾದರೆ ನಮ್ಮವನೊಬ್ಬ ಒಳಗೆ ಬರುತ್ತಾನೆ, ಅದೂ ಔಟಾದ ಸರದಿಯಲ್ಲೇ. ಕ್ಯಾಪ್ಟನ್ ಅಂತ ರಿಯಾಯಿತಿ ಇಲ್ಲ. ಎದುರಿನವರ ಬೋನಸ್ ಗೆರೆ ದಾಟಿದ್ದಕ್ಕೆ ಬೋನಸ್ ಪಾಯಿಂಟ್ ಬಂದರೆ ಸ್ಕೋರ್ ಏರುತ್ತದೆ ಅಷ್ಟೇ, ಹೊರಗಿದ್ದವನು ಹೊರಗೇ.

ಕುಮಟಾದಲ್ಲಿ ಒಂದು ಪಂದ್ಯ. ಒಳಗೆ ಉಳಿದವರು ಮೂವರು, ಮೂವರಲ್ಲಿ ನಾನೂ ಒಬ್ಬ. ಕ್ಯಾಪ್ಟನ್ ಹೊರಗೆ, ಮೊಣಕಾಲು ಕಿತ್ತುಹೋಗಿ ಮಣ್ಣು ಮೆತ್ತಿಕೊಂಡಿದೆ, ಅದನ್ನು ಒರೆಸಿಕೊಳ್ಳುವುದೂ ಬಿಟ್ಟು ನಮ್ಮ ಅಂಕಣಕ್ಕೆ ನುಗ್ಗಿದ ಎದುರಿನ ರೈಡರನ್ನೇ ನೋಡುತ್ತಿದ್ದಾನೆ. 'ಅವನಿಗೆ ಉಸಿರು ಸಾಲ್ತಿಲ್ಲ, ಮುಂದೆ ಹೋಗ್ಬೇಡಿ, ಕಾಯಿರಿ' ಅಂದ. ಒಳಗಿದ್ದ ನಮಗೆ ಅದು ಕಂಡೇ ಇರಲಿಲ್ಲ! ಕಾದೆವು. ಲೆಫ್ಟ್ ಕಾರ್ನರಿನ ಸಣಕಲು ಹುಡುಗ ಪಾದ ಹಿಡಿದ, ನಾವಿಬ್ಬರು ಮೇಲೆ ಬಿದ್ದೆವು. ಒಬ್ಬ ಒಳಗೆ ಬಂದ. ಬಂದವನು ಕ್ಯಾಪ್ಟನ್ ಅಲ್ಲ, ಅವನಿಗಿಂತ ಮೊದಲು ಔಟಾಗಿದ್ದವನು. ಅವನ ಬೆನ್ನಿಗೊಂದು ಗುದ್ದಿ ಒಳಗೆ ಕಳಿಸಿ ಕ್ಯಾಪ್ಟನ್ ಮತ್ತೆ ಕೂತ.

ಪಂದ್ಯ ಸೋತೆವು. ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನಲ್ಲಿ ಅರ್ಧ ಜನ ಮುಖ ಊದಿಸಿಕೊಂಡಿದ್ದರು. ಇವನು ಮಾತ್ರ ಆ ಸಣಕಲು ಹುಡುಗನ ಪಕ್ಕ ಕೂತು ಮುಂದಿನ ಪಂದ್ಯಕ್ಕೆ ಯಾರು ಯಾವ ಜಾಗ ಅಂತ ಲೆಕ್ಕ ಹಾಕುತ್ತಿದ್ದ.

2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಫೈನಲ್ ನೋಡುವಾಗ ಇದೆಲ್ಲ ನೆನಪಾಯಿತು. ಅರ್ಧ ಆಟಕ್ಕೆ ಬೆಂಗಳೂರು ಬುಲ್ಸ್ ಗುಜರಾತ್ ಎದುರು 9-16ರಿಂದ ಹಿಂದೆ, ಕೊನೆಗೆ 38-33ರಿಂದ ಗೆಲುವು. ಬುಲ್ಸ್ ರೈಡರ್ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದರು. ಅವರು ಮುಟ್ಟಿ ಬಂದಾಗೆಲ್ಲ ನನ್ನ ಕಣ್ಣು ಹೋಗುತ್ತಿದ್ದದ್ದು ಬೆಂಚಿನಿಂದ ಏಳುತ್ತಿದ್ದವರ ಕಡೆ.

ಈಗ ನಾನು ಅಡಿಕೆ ಬೆಳೆಗಾರರ ಸಹಕಾರಿ ಸಂಘವೊಂದರಲ್ಲಿ ನಾಲ್ಕು ಜನರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅಡಿಕೆಗೆ ಕೊಳೆರೋಗ ಜೋರಾದ ವರ್ಷ ಸದಸ್ಯರ ಎದುರು 'ಧೈರ್ಯವಾಗಿರಿ' ಅಂತ ಭಾಷಣ ಮಾಡಿದರೆ ಯಾರು ಕೇಳುತ್ತಾರೆ? ಯಾರ ಸಾಲದ ಕಂತು ಮೊದಲು ಬರುತ್ತದೆ, ಯಾರ ತೋಟಕ್ಕೆ ಆ ರೋಗ ತಡೆಯುವ ಬೋರ್ಡೋ ದ್ರಾವಣ ಇನ್ನೂ ಹೊಡೆದಿಲ್ಲ ಅಂತ ನೋಡುತ್ತಾ ಕೂರುತ್ತೇನೆ. ಒಬ್ಬೊಬ್ಬರನ್ನೇ ಒಳಗೆ ತರಬೇಕು, ಅಲ್ವಾ?

ಅಂದಹಾಗೆ, ಕಾಲೇಜಿನ ಹುಡುಗರು ಕಬಡ್ಡಿ ಮ್ಯಾಟ್ ಕೇಳುತ್ತಿದ್ದಾರಂತೆ. ಕೊಡಿಸಿ. ನನ್ನ ಪಾಲು ಬರೆದುಕೊಳ್ಳಿ, ಕ್ಯಾಪ್ಟನ್ ಪಾಲನ್ನೂ ಬರೆದುಕೊಳ್ಳಿ. ಅವನಿಗೆ ಆಮೇಲೆ ಹೇಳಿದರಾಯಿತು.