ನಮ್ಮದು ಅಗಲದ ಜಗಳ, ಅಲ್ಲಿಯದು ಎತ್ತರದ್ದು

ಕಳೆದ ಬೇಸಿಗೆಯಲ್ಲಿ ರಜೆಗೆಂದು ಸೇಡಂ ತಾಲ್ಲೂಕಿನ ನಮ್ಮೂರಿಗೆ ಬಂದಾಗ ಕಾಕಾ ತೊಗರಿ ಹೊಲದ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೇಯರನ ದಾರಿ ಕಾಯುತ್ತಿದ್ದರು. ಪಕ್ಕದ ಹೊಲದವರು ವರ್ಷಕ್ಕೊಂದು ಸಾಲಿನಂತೆ ಒಡ್ಡನ್ನು ಕೆರೆಯುತ್ತ ಬಂದು ಈಗ ಬಾಂದಗಲ್ಲಿನ ಬುಡಕ್ಕೇ ಕುಂಟೆ ಹೊಡೆಯುತ್ತಿದ್ದಾರೆ ಎಂಬುದು ಅವರ ತಕರಾರು. “ನಿಮ್ಮ ಇಂಗ್ಲೆಂಡಿನಾಗ ಇಂಥಾ ಜಗಳ ಇರಂಗಿಲ್ಲ ಬಿಡು ತಮ್ಮಾ” ಎಂದರು. ಇವೆ, ಆದರೆ ಬೇರೆ ಜಾತಿಯವು ಎಂದು ನಾನು ಹೇಳಬೇಕಾಯಿತು.

ಮೊದಲು ನನಗೇ ಆಶ್ಚರ್ಯ ತಂದ ಸಂಗತಿಯೆಂದರೆ, ಅಲ್ಲಿ ಮನೆ ಕೊಂಡಾಗ ಸಿಗುವ ನೋಂದಣಿ ನಕ್ಷೆಯ ಕೆಂಪು ಗೆರೆಯು ಗಡಿಯನ್ನು ಖಚಿತವಾಗಿ ತೋರಿಸುವುದಿಲ್ಲ. 2002ರ ಭೂನೋಂದಣಿ ಕಾಯ್ದೆಯೇ ಅದನ್ನು ‘ಸಾಮಾನ್ಯ ಗಡಿ’ ಎಂದು ಕರೆಯುತ್ತದೆ. ಪಟ್ಟಣದ ನಕ್ಷೆಗಳು ಸಾಮಾನ್ಯವಾಗಿ 1:1250 ಪ್ರಮಾಣದವು. ಅಂದರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸವಾ ಮೀಟರ್ ಆಗುತ್ತದೆ. ಗೇಣು ನೆಲಕ್ಕೆ ಬಡಿದಾಡುವವರಿಗೆ ಆ ಗೆರೆಯ ದಪ್ಪದಲ್ಲಿಯೇ ಒಂದು ಒಡ್ಡು ಮುಳುಗಿಹೋಗುತ್ತದೆ. ಮನೆಯ ಎಡಗಡೆಯ ಬೇಲಿ ನಮ್ಮದೇ ಎಂದು ಅಲ್ಲಿ ಎಲ್ಲರೂ ನಂಬಿರುತ್ತಾರೆ, ಆದರೆ ಅಂಥ ಕಾನೂನೇ ಇಲ್ಲ. ಹಳೆಯ ಪತ್ರಗಳಲ್ಲಿ ಗೆರೆಗೆ ತಾಗಿಸಿ ‘ಟಿ’ ಗುರುತು ಹಾಕಿದ್ದರೆ, ಅದು ಯಾರ ಕಡೆಗಿದೆಯೋ ಅವರದು ಬೇಲಿ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ.

ಹಲಗೆ ಬೇಲಿಯ ನಿಯಮ ಸರಳ: ಎರಡು ಮೀಟರಿನವರೆಗೆ ಯಾರ ಅನುಮತಿಯೂ ಸಾಮಾನ್ಯವಾಗಿ ಬೇಕಿಲ್ಲ, ವಾಹನ ಓಡಾಡುವ ರಸ್ತೆಯ ಪಕ್ಕದಲ್ಲಾದರೆ ಒಂದೇ ಮೀಟರ್. ಕಾಕಾ ಲೆಕ್ಕ ಹಾಕಿ, ಸುಮಾರು ನಾಲ್ಕೂವರೆ ಮೊಳ ಎಂದು ಒಪ್ಪಿಕೊಂಡರು. ತಕರಾರು ಏಳುವುದು ಗಿಡಬೇಲಿಯಲ್ಲಿ, ಏಕೆಂದರೆ ಗಿಡ ಅನುಮತಿ ಕೇಳಿ ಬೆಳೆಯುವುದಿಲ್ಲ. ಲೇಲ್ಯಾಂಡಿ ಎಂಬ ಸೈಪ್ರೆಸ್ ಜಾತಿಯ ಗಿಡ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಏರುತ್ತದೆ. ಮರೆಗೆಂದು ಸಾಲಾಗಿ ನೆಟ್ಟವರು ನಾಲ್ಕು ವರ್ಷ ಕತ್ತರಿ ಮುಟ್ಟದಿದ್ದರೆ ಪಕ್ಕದವರ ಅಡುಗೆಮನೆಗೆ ನಡುಹಗಲಿನಲ್ಲೂ ದೀಪ ಬೇಕಾಗುತ್ತದೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಕಲಬುರಗಿಯಲ್ಲಿ ಕುಳಿತು, ಬಿಸಿಲು ಕಡಿಮೆಯಾಯಿತೆಂದು ದೂರು ಕೊಡುವ ಜನರ ವಿಷಯ ಹೇಳುವಾಗ ನನಗೇ ಸಂಕೋಚವಾಯಿತು.

ಆ ದೂರಿಗೆ 2003ರ ಕಾಯ್ದೆಯೊಂದರಲ್ಲಿ ಪ್ರತ್ಯೇಕ ಭಾಗವಿದ್ದು, ಅದು ಇಂಗ್ಲೆಂಡಿನಲ್ಲಿ 2005ರ ಜೂನ್‌ನಿಂದ ಜಾರಿಯಲ್ಲಿದೆ. ಸಾಲಿನಲ್ಲಿ ಎರಡಾದರೂ ಗಿಡಗಳಿರಬೇಕು, ಬಹುಪಾಲು ಎಲೆಯುದುರದ ಜಾತಿಯವಾಗಿರಬೇಕು, ಎರಡು ಮೀಟರ್ ದಾಟಿರಬೇಕು, ಬೆಳಕಿಗೋ ದಾರಿಗೋ ತಡೆಯಾಗಿರಬೇಕು. ಒಂಟಿ ಮರಕ್ಕೆ ಇದು ಅನ್ವಯಿಸುವುದಿಲ್ಲ. ಪಕ್ಕದವರೊಡನೆ ಮೊದಲು ಮಾತಾಡಿ ನೋಡದೆ ಹೋದರೆ ನಗರಾಡಳಿತವು ದೂರನ್ನು ವಿಚಾರಣೆಗೆ ತೆಗೆದುಕೊಳ್ಳದಿರಬಹುದು, ತೆಗೆದುಕೊಂಡರೂ ಶುಲ್ಕ ಕಟ್ಟುವವರು ದೂರುದಾರರೇ. ಗೆದ್ದರೂ ಬೇಲಿಯನ್ನು ಕಿತ್ತುಹಾಕಿಸಲಾಗದು, ಎರಡು ಮೀಟರಿಗಿಂತ ತಗ್ಗಿಸುವಂತೆ ಆದೇಶಿಸಲೂ ಆಗದು. ಮಾತಾಡಿ ನೋಡಿ ಎಂಬ ಆ ಷರತ್ತೇ ಕಾಯ್ದೆಯ ಜಾಣತನವೆಂದು ನನ್ನ ಅನಿಸಿಕೆ, ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ನಾನು ಎಡವಿದ್ದು ಬೇರೆ ಕಡೆ. ಪಕ್ಕದ ಅಜ್ಜಿಯ ಸೇಬಿನ ಗಿಡದ ಟೊಂಗೆ ನಮ್ಮ ಹಿತ್ತಲಿಗೆ ಬಾಗಿತ್ತು. ಗಡಿಯವರೆಗೆ ಕತ್ತರಿಸುವ ಹಕ್ಕು ನನಗಿತ್ತು, ಕತ್ತರಿಸಿದೆ. ಆದರೆ ಹಸಿ ಕಾಯಿಗಳ ಸಮೇತ ಟೊಂಗೆಯನ್ನು ಕಸದ ತೊಟ್ಟಿಗೆ ತುರುಕಿದ ಮೇಲೆ ತಿಳಿಯಿತು, ಕತ್ತರಿಸಿದ ಟೊಂಗೆಯೂ ಅದರ ಕಾಯಿಯೂ ಗಿಡದ ಒಡೆಯರದೇ, ಬೇಕೇ ಎಂದು ಅವರನ್ನು ಕೇಳಬೇಕು. ಅಜ್ಜಿ ಬೈಯಲಿಲ್ಲ, ತೊಟ್ಟಿಯ ಮುಚ್ಚಳ ತೆಗೆದು, ಕಾಯಿಗಳನ್ನು ಒಂದೊಂದಾಗಿ ಉಡಿಯಲ್ಲಿ ಹಾಕಿಕೊಂಡು ಹೋದರು. ಹಕ್ಕಿ ಗೂಡು ಕಟ್ಟಿರುವಾಗ ಕತ್ತರಿ ಆಡಿಸಿ ಗೂಡು ಕೆಡಿಸಿದರೆ ಅದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬೇಲಿಯನ್ನು ಮುಟ್ಟದಿರುವುದು ರೂಢಿ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಕಾಕಾ ಮೇಲೆ ನೋಡುತ್ತಿದ್ದರು. ಅದೇ ಪಕ್ಕದ ಹೊಲದವರ ಮನೆಯ ಬೇವಿನ ಮರ ನಮ್ಮ ಪರಸಿಕಲ್ಲಿನ ಗೋಡೆ ದಾಟಿ ಅಂಗಳದ ಮೇಲೆ ಚಾಚಿದೆ, ಕಾಕಾ ಹೊರಸು ಹಾಕಿಕೊಳ್ಳುವುದು ಅದರ ನೆರಳಲ್ಲಿಯೇ. “ಹಂಗಾದ್ರ ನಾ ದಿನಾ ಹಲ್ಲುಜ್ಜೋ ಬೇವಿನ ಕಡ್ಡಿ ಅವರವೇನು?” ಎಂದು ಕೇಳಿದರು. ಅಲ್ಲಿಯ ಕಾನೂನಿನಂತಾದರೆ ಹೌದು ಕಾಕಾ ಎಂದೆ.