ಹಸಿದರೂ ಸಾಯದ ಅರ್ಚಿನ್

ಕ್ಯಾಲಿಫೋರ್ನಿಯಾದ ನೇರಳೆ ಸೀ ಅರ್ಚಿನ್, ಅಂಗೈಯಲ್ಲಿ ಹಿಡಿಸುವ, ಮುಳ್ಳಿನ ಚೆಂಡಿನಂಥ ಕಡಲ ಪ್ರಾಣಿ. ಅಲಾಸ್ಕಾದಿಂದ ಮೆಕ್ಸಿಕೋದ ಬಾಹಾವರೆಗೆ ಅಲೆ ಬಡಿಯುವ ಬಂಡೆಗಳಲ್ಲಿ ಇದರ ವಾಸ. ಕೆಲ್ಪ್ ಎಂಬ ದೈತ್ಯ ಕಡಲ ಪಾಚಿಯ ಕಾಡು ದಟ್ಟವಾಗಿದ್ದಾಗ ಸಂದಿಯಲ್ಲೇ ಕೂತು, ತೇಲಿಬಂದ ತುಂಡುಗಳನ್ನು ಹಿಡಿದು ತಿನ್ನುತ್ತದೆ; ಯಾರಿಗೂ ತೊಂದರೆಯಿಲ್ಲ.

2013ರಿಂದ ಇದನ್ನು ತಿನ್ನುವ ಸೂರ್ಯಕಾಂತಿ ನಕ್ಷತ್ರಮೀನು ರೋಗಕ್ಕೆ ಬಲಿಯಾಯಿತು. 2014–16ರಲ್ಲಿ ಕಡಲು ಕಾದು ಕೆಲ್ಪ್ ಸೊರಗಿತು. ಹಸಿದ ಅರ್ಚಿನ್‌ಗಳು ಹೊರಬಂದು ಬುಡಕ್ಕೇ ಬಾಯಿ ಹಾಕಿದವು. ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯಲ್ಲಿ ‘ಬುಲ್ ಕೆಲ್ಪ್’ ಎಂಬ ಜಾತಿಯ ಕೆಲ್ಪ್ ಶೇ 90ಕ್ಕೂ ಹೆಚ್ಚು ಹೋಯಿತು.

ಅರ್ಚಿನ್ ಒಂದನ್ನು ಒಡೆದು ನೋಡಿ. ಕೆಳಗೆ ಐದು ಹಲ್ಲಿನ ದವಡೆ. ಸವೆದಂತೆಲ್ಲ ಹಲ್ಲು ತಾನೇ ಚೂಪಾಗುತ್ತದೆ. ಒಳಗೋಡೆಗೆ ಅಂಟಿದ ಐದು ಜನನಗ್ರಂಥಿಗಳೇ ಜನ ತಿನ್ನುವ ‘ಉನಿ’. ಹೊಟ್ಟೆ ತುಂಬಿದ್ದರಲ್ಲಿ ಅವು ಹಳದಿ, ಕೊಬ್ಬಿದ ನಾಲಗೆಯಂತೆ. ಉಪವಾಸದ್ದರಲ್ಲಿ ಕಂದು ಎಳೆಗಳಷ್ಟೇ. ಮಾರಲು ಬಾರದು, ಹಾಗೆಂದು ಸಾಯುವುದೂ ಇಲ್ಲ: ಗ್ರಂಥಿಯನ್ನೇ ಕರಗಿಸಿಕೊಂಡು ವರ್ಷಗಟ್ಟಲೆ ಬದುಕುತ್ತದೆ. ಹಾಗಾಗಿ ಬೋಳಾದ ಬಂಡೆ ತಾನಾಗಿ ಹಸಿರಾಗುವುದು ಕಷ್ಟ.

ಮುಳುಗುಗಾರರು ಅರ್ಚಿನ್‌ಗಳನ್ನು ಸುತ್ತಿಗೆಯಿಂದ ಒಡೆದು, ಚದರ ಮೀಟರಿಗೆ ಎರಡಕ್ಕೆ ಇಳಿಸಿದ ಕಡೆ ಕೆಲ್ಪ್ ಮರಳಿದೆ. ಒಮ್ಮೆ ಒಡೆದು ಬಿಟ್ಟರೆ ಸಾಲದು. ಪಕ್ಕದ ಬಂಡೆಯಿಂದ ಮತ್ತೆ ತೆವಳಿ ಬರುತ್ತವೆ.