ವಾಪಸ್ ಬರೋ ಟೈಮ್ ಮೊದ್ಲು ಬರ್ಕೊಳ್ಳಿ

ಪ್ರತಿ ಸಲ ಒಂದು ದೊಡ್ಡ ಟ್ರಿಪ್ ಮುಗಿಸ್ಕೊಂಡು ಬಂದ್ಮೇಲೆ ಹೊಸದಾಗಿ ಸ್ಕೌಟ್ ದಳ ವಹಿಸ್ಕೊಂಡಿರೋರು ಯಾರಾದ್ರೂ ಫೋನ್ ಮಾಡಿ "ನಿಮ್ ಪ್ಲಾನ್ ಒಂದು ಕಳಿಸಿ ಸಾರ್, ಹಾಗೇ ಕಾಪಿ ಮಾಡ್ಕೋತೀನಿ" ಅಂತಾರೆ. ಕಳಿಸ್ತೀನಿ. ಎಷ್ಟು ಟೆಂಟು, ಎಷ್ಟು ಹಗ್ಗ, ಯಾರ ಬ್ಯಾಗಲ್ಲಿ ಸ್ಟೌ, ಎಲ್ಲಾ ಇರತ್ತೆ ಅದ್ರಲ್ಲಿ. ಆದ್ರೆ ಅವ್ರಿಗೆ ನಿಜವಾಗ್ಲೂ ಬೇಕಾಗಿರೋದು ಆ ಶೀಟಲ್ಲಿ ಇರಲ್ಲ, ನನ್ನ ನೋಟ್‌ಬುಕ್ಕಿನ ಮೊದಲನೇ ಪೇಜಲ್ಲಿ ಇರತ್ತೆ: ಎಷ್ಟು ಗಂಟೆ ಆದ್ರೆ ವಾಪಸ್, ಎಷ್ಟು ಗಾಳಿ ಬಂದ್ರೆ ನೀರಿಗೆ ಇಳಿಯಲ್ಲ, ಯಾರಿಗೆ ಏನಾದ್ರೆ ಟ್ರಿಪ್ ಅಲ್ಲಿಗೇ ಬಂದ್.

ಇದನ್ನ ಮನೇಲಿ ಕೂತಾಗ್ಲೇ ಬರೀಬೇಕು. ಬೆಟ್ಟದ ಬುಡದಲ್ಲೋ ದಡದಲ್ಲೋ ಹನ್ನೆರಡು ಮಕ್ಕಳು ಲೈಫ್‌ಜಾಕೆಟ್ ಹಾಕ್ಕೊಂಡು ಕುಣೀತಾ ಇರುವಾಗ ಯೋಚ್ನೆ ಮಾಡ್ತೀನಿ ಅಂದ್ರೆ ಆಗಲ್ಲ, ಆಗ ನಮ್ಮ ತಲೇನೂ ಅವರ ಜೊತೆ ಕುಣೀತಾ ಇರತ್ತೆ.

ನನಗೆ ಇದು ಪೆಟ್ಟು ತಿಂದು ಬಂದ ಬುದ್ಧಿ. ಸುಮಾರು ವರ್ಷದ ಹಿಂದೆ ಒಂದು ಬೆಟ್ಟ, ಹನ್ನೆರಡು ಹುಡುಗರು, ನಾವಿಬ್ಬರು ದೊಡ್ಡೋರು. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ರೆ ಅಲ್ಲಿಂದ ತಿರುಗೋದು ಅಂತ ನನ್ನ ಮನಸ್ಸಲ್ಲಿತ್ತು, ಯಾರಿಗೂ ಹೇಳಿರ್ಲಿಲ್ಲ. ಒಂದು ಗಂಟೆಗೆ ತುದಿ ಎದುರಿಗೇ ಕಾಣ್ತಿತ್ತು, "ಇನ್ನೊಂಚೂರು ಸಾರ್, ಇನ್ನೊಂಚೂರು" ಅಂದ್ರು, ನಂಗೂ ಆಸೆ, ಹೋದ್ವಿ. ಆ ಇನ್ನೊಂಚೂರು ಒಂದೂಕಾಲು ಗಂಟೆ ತಗೊಳ್ತು. ಇಳಿಯೋವಾಗ ಒಬ್ಬನ ಕಾಲು ಉಳುಕಿ, ಅವನನ್ನ ಹಿಡ್ಕೊಂಡು ನಡೆದು, ಕತ್ತಲಾಗಿ, ಹದಿನಾಲ್ಕು ಜನಕ್ಕೆ ನಾಲ್ಕು ಹೆಡ್‌ಲ್ಯಾಂಪು. ಕೊನೆಗೆ ಏನೂ ಆಗ್ಲಿಲ್ಲ, ಆದ್ರೆ ಆ ರಾತ್ರಿ ನಾನು ಎಷ್ಟು ಸಲ ತಲೆ ಎಣಿಸಿದೀನಿ ಅಂತ ನಂಗೇ ಗೊತ್ತಿಲ್ಲ.

ಲೆಕ್ಕ ಇಲ್ದೇ ಇರ್ಲಿಲ್ಲ, ನಾನು ಹಾಕಿರ್ಲಿಲ್ಲ ಅಷ್ಟೇ. 1892ರಲ್ಲೇ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನ ಬೆಟ್ಟ ಹತ್ತೋ ಮನುಷ್ಯ ಒಂದು ಸುಲಭದ ಸೂತ್ರ ಕೊಟ್ಟಿದಾನೆ, ಈಗ ಕಿಲೋಮೀಟರಲ್ಲಿ ಹೇಳೋದಾದ್ರೆ 5 ಕಿಲೋಮೀಟರಿಗೆ ಒಂದು ಗಂಟೆ, ಅದ್ರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿಲೋಮೀಟರ್ ದಾರಿ, 900 ಮೀಟರ್ ಏರು ಅಂದ್ರೆ ಹತ್ತಿರ ಹತ್ತಿರ 4 ಗಂಟೆ ಆಯ್ತು. ಆದ್ರೆ ಇದು ಗಟ್ಟಿಮುಟ್ಟಾದ ದೊಡ್ಡೋರಿಗೆ, ಎಲ್ಲೂ ಕೂರದೇ ನಡೆದ್ರೆ. ಹದಿಮೂರು ವರ್ಷದವರ ಗುಂಪಿಗೆ ನಾನು ಅದನ್ನ ಒಂದೂವರೆ ಪಟ್ಟು ಮಾಡ್ತೀನಿ, ಅದೂ ಗುಂಪಲ್ಲಿ ಎಲ್ಲರಿಗಿಂತ ನಿಧಾನ ನಡೆಯೋ ಮಗು ಮುಂದಿರತ್ತೆ ಅನ್ನೋ ಲೆಕ್ಕದಲ್ಲಿ. ನಿಧಾನ ನಡೆಯೋರು ಹಿಂದೆ ಇದ್ರೆ ಏನಾಗತ್ತೆ ಗೊತ್ತಾ, ಮುಂದಿನವರು ಕೂತು ಸುಧಾರಿಸ್ಕೊಂಡು ಇವನು ಬರ್ತಿದ್ದಂಗೇ ಎದ್ದು ಹೊರಡ್ತಾರೆ, ಯಾರಿಗೆ ರೆಸ್ಟ್ ಬೇಕೋ ಅವನೊಬ್ಬನಿಗೇ ರೆಸ್ಟ್ ಇಲ್ಲ.

ಇನ್ನು ಎಷ್ಟು ಜನ ಹೋಗೋದು ಅನ್ನೋದು. ದಳದಲ್ಲಿ ಇಪ್ಪತ್ತು ಜನ ಇದ್ರೆ ಇಪ್ಪತ್ತೂ ಜನ ಹೋಗೋಣ ಅನ್ಸತ್ತೆ, ಆದ್ರೆ ಕಾಡು ನಮ್ಮನ್ನ ಕೇಳಲ್ಲ. ಅಮೆರಿಕದ ಮಿನ್ನೆಸೋಟದಲ್ಲಿರೋ ಬೌಂಡರಿ ವಾಟರ್ಸ್ ಅಂತ ಸಾವಿರಾರು ಕೆರೆಗಳ ಕಾಡಿದೆಯಲ್ಲ, ಸ್ಕೌಟುಗಳು ದೋಣಿ ಹೊತ್ಕೊಂಡು ಕೆರೆಯಿಂದ ಕೆರೆಗೆ ಹೋಗೋ ಜಾಗ, ಅಲ್ಲಿ ಒಂದು ಗುಂಪಲ್ಲಿ 9 ಜನ, 4 ದೋಣಿ, ಅದಕ್ಕಿಂತ ಒಂದೂ ಜಾಸ್ತಿ ಇರೋ ಹಾಗಿಲ್ಲ. ಅಂದ್ರೆ ಹದಿನಾಲ್ಕು ಜನ ಅಂದ್ರೆ ಎರಡು ಗುಂಪು, ಎರಡೂ ಗುಂಪಿಗೆ ಬೇರೆ ಬೇರೆ ದೊಡ್ಡೋರು, ಬೇರೆ ಫಸ್ಟ್ ಏಡ್ ಕಿಟ್ಟು, ಬೇರೆ ಮ್ಯಾಪು. ಹೋಗೋ ಜಾಗದ ರೂಲ್ಸ್ ಓದದೇನೇ ಮಕ್ಕಳ ಹೆಸರು ಬರ್ಕೊಂಡು ಆಮೇಲೆ ಐದು ಜನಕ್ಕೆ ಇಲ್ಲ ಅನ್ನೋದಿದೆಯಲ್ಲ, ಅದಕ್ಕಿಂತ ಕೆಟ್ಟ ಫೋನ್ ಕಾಲ್ ಇಲ್ಲ. ಮತ್ತೆ ಒಬ್ಬರೇ ದೊಡ್ಡೋರು ಹೋಗೋ ಟ್ರಿಪ್ ಅನ್ನೋದು ಟ್ರಿಪ್ಪೇ ಅಲ್ಲ, ಕಡಿಮೆ ಅಂದ್ರೂ ಇಬ್ಬರು ಇರ್ಲೇಬೇಕು. ಒಬ್ಬರು ಉಳುಕಿದವನ ಜೊತೆ ಕೂತ್ರೆ ಮಿಕ್ಕವರ ಜೊತೆ ಯಾರಿರ್ತಾರೆ?

ದೊಡ್ಡ ಟ್ರಿಪ್ಪಿಗೆ ಒಂದು ವರ್ಷ, ಒಂದೂವರೆ ವರ್ಷ ಮುಂಚೆ ಶುರು ಮಾಡಿ ಅಂದ್ರೆ ಜನ ನಗ್ತಾರೆ. ಪರ್ಮಿಟ್ಟಿಗೆ, ದುಡ್ಡು ಕೂಡ್ಸೋಕೆ ಅಷ್ಟು ಟೈಮ್ ಬೇಕು ಅನ್ನೋದು ನಿಜ, ಆದ್ರೆ ಅದಕ್ಕಿಂತ ಹೆಚ್ಚಾಗಿ ಮಕ್ಕಳ ಕಾಲಿಗೆ ಬೇಕು. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಹೊರಡೋ ಹಿಂದಿನ ವಾರ ಹೊಸ ಶೂ ತಗೊಂಡ್ರೆ ಎರಡನೇ ದಿನ ಹಿಮ್ಮಡೀಲಿ ಬೊಬ್ಬೆ. ನಾವು ಪ್ರತಿ ತಿಂಗಳೂ ಒಂದೊಂದು ಚಿಕ್ಕ ಟ್ರೈಯಲ್ ವಾಕ್ ಮಾಡ್ತೀವಿ, ಪೂರ್ತಿ ಬ್ಯಾಗ್ ಹೊತ್ಕೊಂಡೇ. ಮುಗಿದ್ಮೇಲೆ ಎಲ್ಲರ ಬ್ಯಾಗೂ ನೆಲಕ್ಕೆ ಸುರಿಯೋದು. ಬ್ಯಾಗಿನ ತೂಕ ಮಗುವಿನ ತೂಕದ ಕಾಲು ಭಾಗಕ್ಕಿಂತ ಹೆಚ್ಚಾಗದೇ ಇದ್ರೆ ಒಳ್ಳೇದು, ಅಂದ್ರೆ 40 ಕಿಲೋ ಹುಡುಗಿಗೆ 10 ಕಿಲೋ. ಅದ್ರಲ್ಲಿ 3 ಲೀಟರ್ ನೀರೇ 3 ಕಿಲೋ ತಿಂದ್ಹಾಕತ್ತೆ. ಮಿಕ್ಕಿದ್ದು ಏಳು. ಈಗ ಹೇಳಿ, ಆ ಮೂರು ಸೆಂಟ್ ಬಾಟಲಿ, ತಲೆದಿಂಬು, ಪೂರ್ತಿ ಡಬ್ಬ ಪೌಡರ್ ಬೇಕಾ? ಇದನ್ನ ನಾವು ಹೇಳಿದ್ರೆ ಕೇಳಲ್ಲ, ತಕ್ಕಡಿ ಹೇಳಿದ್ರೆ ಕೇಳ್ತಾರೆ.

ನೂರು ವರ್ಷಕ್ಕಿಂತ ಹಳೇ ಐಡಿಯಾ ಒಂದಿದೆ, ಅದನ್ನ ನಾವು ಬಾಯಲ್ಲಿ ಹೇಳ್ತೀವಿ ಆದ್ರೆ ಮಾಡಲ್ಲ. 1907ರ ಆಗಸ್ಟಲ್ಲಿ ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಇಪ್ಪತ್ತು ಚಿಲ್ಲರೆ ಹುಡುಗರನ್ನ ಕರ್ಕೊಂಡು ಹೋದಾಗ ಅವರನ್ನ ನಾಲ್ಕು ಪ್ಯಾಟ್ರೋಲ್, ಅಂದ್ರೆ ಚಿಕ್ಕ ಚಿಕ್ಕ ಗುಂಪು ಮಾಡಿ, ಒಂದೊಂದಕ್ಕೂ ಒಬ್ಬ ಹುಡುಗನನ್ನೇ ಲೀಡರ್ ಮಾಡಿದ್ದ. ಅಡುಗೆ ಲಿಸ್ಟು, ಮ್ಯಾಪಲ್ಲಿ ದಾರಿ, ನೀರು ಎಲ್ಲಿ ಸಿಗತ್ತೆ, ಇದನ್ನೆಲ್ಲ ಮಕ್ಕಳ ಕೈಗೆ ಬಿಡಿ. ತಪ್ಪು ಮಾಡ್ತಾರೆ. ಒಂದ್ಸಲ ನಮ್ಮ ಒಂದು ಪ್ಯಾಟ್ರೋಲ್ ನಾಲ್ಕು ದಿನದ ಊಟ ಎರಡೂವರೆ ದಿನಕ್ಕೆ ಖಾಲಿ ಮಾಡಿ ಪಕ್ಕದ ಪ್ಯಾಟ್ರೋಲ್ ಹತ್ರ ಸಾಲ ಕೇಳ್ತು, ಅವ್ರು ಪಾತ್ರೆ ತೊಳ್ಕೊಡಿ ಅಂತ ಒಪ್ಪಂದ ಮಾಡ್ಕೊಂಡ್ರು, ನಾನು ಟೆಂಟಲ್ಲಿ ಕೂತು ನಗ್ತಾ ಇದ್ದೆ. ಹಸಿವಿನ ತಪ್ಪು ಮಕ್ಕಳಿಗೆ ಬಿಡಬಹುದು. ನೀರಿನ ತಪ್ಪು ಬಿಡೋಕಾಗಲ್ಲ, ಅದು ನಾವೇ ನೋಡ್ಬೇಕು: ಹೊಳೆ ನೀರು ಎಷ್ಟೇ ತಿಳಿ ಕಂಡ್ರೂ ಒಂದು ನಿಮಿಷ ಚೆನ್ನಾಗಿ ಕುದೀಬೇಕು, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ, ಯಾಕಂದ್ರೆ ಅಲ್ಲಿ ನೀರು ಕಮ್ಮಿ ಬಿಸಿಗೇ ಕುದ್ದುಬಿಡತ್ತೆ.

ಸಮುದ್ರಕ್ಕೆ ಬರ್ತೀನಿ. ಬೆಟ್ಟದಲ್ಲಿ ಸುಸ್ತಾದ್ರೆ ಕೂರಬಹುದು. ಸಮುದ್ರದಲ್ಲಿ ಕೂತ್ರೂ ಅದು ನಿಮ್ಮನ್ನ ಎಲ್ಲಿಗೋ ಕರ್ಕೊಂಡು ಹೋಗ್ತಾನೇ ಇರತ್ತೆ. ಸ್ಕೌಟಿಂಗ್ ಶುರುವಾಗಿ ಐದೇ ವರ್ಷಕ್ಕೆ, 1912ರ ಆಗಸ್ಟ್ 4ಕ್ಕೆ, ಇಂಗ್ಲೆಂಡಿನ ಲೇಸ್‌ಡೌನ್ ಹತ್ರ ಕ್ಯಾಂಪಿಗೆ ಹೊರಟಿದ್ದ ದೋಣಿ ಇದ್ದಕ್ಕಿದ್ದಂಗೆ ಎದ್ದ ಗಾಳಿಗೆ ಮಗುಚಿ 9 ಹುಡುಗರು ಹೋದ್ರು. ಅದೇ ದೇಶದ ಲೈಮ್ ಬೇಯಲ್ಲಿ 1993ರ ಮಾರ್ಚಲ್ಲಿ ಕಯಾಕ್ ಅಂತ ಒಬ್ಬಿಬ್ಬರು ಕೂತು ಹುಟ್ಟು ಹಾಕೋ ಸಣ್ಣ ದೋಣೀಲಿ ಹೋಗಿದ್ದ ಸ್ಕೂಲ್ ಮಕ್ಕಳ ಒಂದು ಗುಂಪು, ಸ್ಕೌಟುಗಳಲ್ಲ, ಆದ್ರೆ ನಮ್ಮಂಥವರು ಓದ್ಲೇಬೇಕಾದ ಕೇಸು, ದಡದಿಂದ ಒಳಕ್ಕೆ ತಳ್ಳಿಕೊಂಡು ಹೋಗಿ ನಾಲ್ಕು ಜನ ತೀರ್ಕೊಂಡ್ರು. ಅದಾದ್ಮೇಲೆ 1995ರಲ್ಲಿ ಅಲ್ಲಿ ಮಕ್ಕಳ ಸಾಹಸ ಸೆಂಟರ್‌ಗಳಿಗೆ ಲೈಸೆನ್ಸ್ ಬೇಕು ಅಂತ ಕಾನೂನೇ ಬಂತು. ಅದ್ರಲ್ಲಿ ನನ್ನನ್ನ ಕಾಡೋ ವಿಷಯ ಒಂದೇ, ಬರ್ಬೇಕಾದ ಹೊತ್ತಿಗೆ ಅವ್ರು ಬಂದಿರ್ಲಿಲ್ಲ, ಆದ್ರೂ ಕೋಸ್ಟ್‌ಗಾರ್ಡಿಗೆ ಸುದ್ದಿ ಹೋಗಿದ್ದು ಗಂಟೆಗಟ್ಟಲೆ ತಡವಾಗಿ.

ಅದಕ್ಕೇ ವಾಪಸ್ ಬರೋ ಟೈಮ್ ಪೇಪರ್ ಮೇಲಿದ್ರೆ ಸಾಲದು, ದಡದಲ್ಲಿ ಒಬ್ಬ ಮನುಷ್ಯನ ಕೈಲಿರ್ಬೇಕು. ನಾವು ಎಷ್ಟು ಗಂಟೆಗೆ ಬರ್ಬೇಕು, ಬರದೇ ಇದ್ರೆ ಎಷ್ಟು ನಿಮಿಷ ಕಾಯ್ಬೇಕು, ಆಮೇಲೆ ಯಾವ ನಂಬರಿಗೆ ಫೋನ್ ಮಾಡ್ಬೇಕು, ಮೂರೂ ಬರ್ದು ಕೊಟ್ಟಿರ್ಬೇಕು. "ಇನ್ನೊಂದು ಸ್ವಲ್ಪ ನೋಡೋಣ, ಬಂದೇ ಬರ್ತಾರೆ" ಅನ್ನೋ ಸ್ವಭಾವದವರಿಗೆ ಈ ಕೆಲಸ ಕೊಡ್ಬೇಡಿ. ನಾನು ನಮ್ಮ ದಳದಲ್ಲೇ ಅತೀ ಗಾಬರಿ ಸ್ವಭಾವದ ಒಬ್ಬ ತಾಯಿಗೆ ಕೊಡ್ತೀನಿ, ಆಕೆಗೆ ಅದು ಗೊತ್ತು, ಹೆಮ್ಮೇನೂ ಇದೆ.

ಗಾಳಿ ಬಗ್ಗೆ ಒಂದು ಮಾತು, ಹೊಸಬರು ಹೆಚ್ಚಾಗಿ ಮೋಸ ಹೋಗೋದು ಇಲ್ಲೇ. ಗಾಳಿ ನೆಲದ ಕಡೆಯಿಂದ ಸಮುದ್ರದ ಕಡೆ ಬೀಸ್ತಾ ಇದ್ರೆ ದಡದ ಹತ್ರ ನೀರು ಕನ್ನಡಿ ತರ ಇರತ್ತೆ. ಆಹಾ ಎಷ್ಟು ಶಾಂತ ಅಂತ ಇಳೀತೀರಿ. ಸ್ವಲ್ಪ ದೂರ ಹೋದ್ಮೇಲೆ ಮರೆ ತಪ್ಪಿ ಆ ಗಾಳಿಯ ನಿಜವಾದ ಕೈ ಗೊತ್ತಾಗತ್ತೆ, ಅಷ್ಟೊತ್ತಿಗೆ ವಾಪಸ್ ಹುಟ್ಟು ಹಾಕೋದು ಅಂದ್ರೆ ಎದುರುಗಾಳಿ, ಹನ್ನೆರಡು ವರ್ಷದ ತೋಳಿಗೆ ಆಗಲ್ಲ. ನನ್ನ ಮೊದಲನೇ ಪೇಜಲ್ಲಿ ಮಕ್ಕಳ ಕಯಾಕಿಗೆ ಗಾಳಿಯ ಜೋರು ಹೇಳೋ ಬ್ಯೂಫೋರ್ಟ್ ಅಳತೇಲಿ 3 ಕೊನೆ, ಅಂದ್ರೆ 10 ನಾಟ್ ತನಕ, ಗಂಟೆಗೆ ಸುಮಾರು 18 ಕಿಲೋಮೀಟರ್. ಅಲ್ಲಲ್ಲಿ ಬಿಳಿ ನೊರೆ ಶುರುವಾಗೋದು ಸುಮಾರು ಅಲ್ಲಿಗೇ. 4 ಅಂದ್ರೆ ಇಲ್ಲ. ಗಾಳಿ ನೆಲದಿಂದ ಬೀಸ್ತಿದ್ರೆ 3ಕ್ಕೂ ಇಲ್ಲ.

ಉಬ್ಬರ ಇಳಿತಕ್ಕೂ ಒಂದು ಬಾಯಿಲೆಕ್ಕ ಇದೆ, ಹನ್ನೆರಡರ ಲೆಕ್ಕ ಅಂತ ನಾವು ಕರೀತೀವಿ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ ಇರೋ ಕಡೆ, ಏರೋ ನೀರನ್ನ 12 ಭಾಗ ಮಾಡಿದ್ರೆ ಮೊದಲನೇ ಗಂಟೇಲಿ 1 ಭಾಗ, ಆಮೇಲೆ 2, 3, 3, 2, ಕೊನೇಲಿ 1. ಅಂದ್ರೆ ನಡುವಿನ ಎರಡೇ ಗಂಟೇಲಿ ಅರ್ಧ ನೀರು ಬಂದ್ಬಿಡತ್ತೆ. ಬಂಡೆ ಮೇಲೆ ಊಟಕ್ಕೆ ಕೂತವರಿಗೆ ಮೊದಲನೇ ಗಂಟೆ ಏನೂ ಆಗ್ತಿಲ್ಲ ಅನ್ಸಿ, ಮೂರನೇ ಗಂಟೇಲಿ ಬ್ಯಾಗ್ ತೇಲ್ತಾ ಇರತ್ತೆ.

"ನಮ್ಮ ಮಗನಿಗೆ ಈಜು ಬರತ್ತೆ" ಅನ್ನೋ ಅಪ್ಪ ಅಮ್ಮಂದಿರ ಮಾತನ್ನ ಪ್ರೀತಿಯಿಂದ ಕೇಳ್ಕೊಳ್ಳಿ, ನಂಬಬೇಡಿ. ಅಮೆರಿಕದ ಸ್ಕೌಟುಗಳ ಟೆಸ್ಟ್ ಚೆನ್ನಾಗಿದೆ, ತಲೆ ಮುಳುಗೋ ಆಳಕ್ಕೆ ಹಾರಿ 75 ಗಜ ಜೋರಾಗಿ ಈಜಿ, ಇನ್ನೊಂದು 25 ಗಜ ಅಂಗಾತ ಆರಾಮಾಗಿ ಈಜಿ, ಕೊನೆಗೆ ಸುಮ್ನೆ ತೇಲಿ ತೋರಿಸ್ಬೇಕು. ಆ ಕೊನೇದು ಮುಖ್ಯ, ಜೋರಾಗಿ ಈಜೋ ಎಷ್ಟೋ ಹುಡುಗರಿಗೆ ಸುಮ್ನಿರೋದು ಬರಲ್ಲ. ಪಾಸಾಗದವರನ್ನ ಮನೇಲಿ ಬಿಟ್ಟು ಬರ್ಬೇಕು ಅಂತಿಲ್ಲ, ಆದ್ರೆ ಅವರು ಯಾರ ದೋಣೀಲಿ, ಯಾರ ಜೋಡಿ ಅನ್ನೋದು ಮೊದ್ಲೇ ಗೊತ್ತಿರ್ಬೇಕು. ಲೈಫ್‌ಜಾಕೆಟ್ ಮಾತ್ರ ಎಲ್ಲರಿಗೂ. ಹಾಕಿದ್ಮೇಲೆ ಭುಜದ ಹತ್ರ ಹಿಡಿದು ಮೇಲಕ್ಕೆ ಎತ್ತಿ ನೋಡಿ, ಕಿವಿ ತನಕ ಬಂದ್ರೆ ಅದು ಜಾಕೆಟ್ ಅಲ್ಲ, ಅಲಂಕಾರ.

ಹೆಲ್ತ್ ಫಾರ್ಮ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರೂ ತುಂಬಿಸ್ಕೋತಾರೆ. ಆದ್ರೆ ಫಾರ್ಮಲ್ಲಿ ಬರೆಯದೇ ಇರೋದನ್ನ ಕೇಳಿ. ರಾತ್ರಿ ಹಾಸಿಗೆ ಒದ್ದೆ ಮಾಡ್ಕೊಳ್ಳೋ ಮಗು, ಕತ್ತಲೆ ಅಂದ್ರೆ ಉಸಿರುಗಟ್ಟೋ ಮಗು, ಮೊದಲ ಸಲ ಮುಟ್ಟಾಗ್ಬಹುದಾದ ವಯಸ್ಸಿನ ಹುಡುಗಿ, ಇವ್ರಿಗೆಲ್ಲ ಸದ್ದಿಲ್ದೇ ಒಂದು ವ್ಯವಸ್ಥೆ ಬ್ಯಾಗಲ್ಲಿರ್ಬೇಕು. ದೋಣೀಲಿ ವಾಂತಿ ಆಗೋರಿಗೆ ಮಾತ್ರೆ ಹತ್ತೋಕೆ ಮುಂಚೆ, ಹತ್ತಿದ್ಮೇಲೆ ಕೊಟ್ರೆ ಅದೂ ವಾಂತೀಲೇ ಹೋಗತ್ತೆ. ಯಾವಾಗ್ಲೂ ಮಾತಾಡೋ ಮಗು ಇದ್ದಕ್ಕಿದ್ದಂಗೆ ಸುಮ್ನಾದ್ರೆ ಅರ್ಥ ಆಯ್ತಲ್ಲ, ದಿಗಂತ ನೋಡೋಕೆ ಹೇಳಿ, ಬಕೆಟ್ ಹತ್ರ ಇಟ್ಕೊಳ್ಳಿ.

ಹೋದ ಸಲದ ಕಯಾಕ್ ಟ್ರಿಪ್ಪಿಗೆ ಮೊದಲನೇ ಪೇಜನ್ನ ನಾನು ಬರೀಲಿಲ್ಲ, ಪ್ಯಾಟ್ರೋಲ್ ಲೀಡರ್‌ಗಳ ಕೈಲಿ ಬರೆಸ್ದೆ. ಜಗಳ ಆಡಿ ಆಡಿ 3 ಅಂತ ಅವ್ರೇ ಬರೆದ್ರು. ಎಂಟು ತಿಂಗಳು ತಯಾರಿ ಮಾಡಿದ್ದ ಟ್ರಿಪ್ಪು, ಆ ಬೆಳಗ್ಗೆ ಫೋರ್‌ಕಾಸ್ಟ್ 5 ಅಂತಿದೆ. ನಾನು ಬಾಯಿ ತೆಗೆಯೋಕೆ ಮುಂಚೆ ಒಬ್ಬ ಹುಡುಗಿ ನೋಟ್‌ಬುಕ್ ತೆಗೆದು ಜೋರಾಗಿ ಓದಿದ್ಳು, ಯಾರೂ ಮಾತಾಡ್ಲಿಲ್ಲ. ದೋಣಿಗಳು ದಡದಲ್ಲೇ ಉಳಿದ್ವು. ಬದಲಿಗೆ ಏನ್ಮಾಡೋದು ಅನ್ನೋದೂ ಅದೇ ಪೇಜಲ್ಲಿತ್ತು, ಗಂಟೆಗೊಂದು ಕೋಲು ಮರಳಲ್ಲಿ ನೆಟ್ಟು ನೀರು ಎಲ್ಲಿ ತನಕ ಬರತ್ತೆ ಅಂತ ಪಂದ್ಯ ಕಟ್ಟಿದ್ರು. ಒಬ್ಬ ಹುಡುಗ ಮಾತ್ರ ಪಂದ್ಯಕ್ಕೆ ಸೇರದೇ ದೋಣಿ ಪಕ್ಕ ಮುಖ ಊದಿಸ್ಕೊಂಡು ಕೂತಿದ್ದ.

ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಗಾಳಿ ನಿಂತುಹೋಯ್ತು. ಫೋರ್‌ಕಾಸ್ಟಿನ 5 ಬರ್ಲೇ ಇಲ್ಲ. ಅವನು ಈಗ್ಲೂ ಸಿಕ್ಕಿದಾಗೆಲ್ಲ "ಅವತ್ತು ಗಾಳಿ ನಿಂತಿತ್ತು ಸಾರ್" ಅಂತಾನೆ. ಹೌದಪ್ಪ, ನಿಂತಿತ್ತು ಅಂತೀನಿ.